ಹವಳದ ಟ್ಯಾಂಕ್ ದೊಡ್ಡದು ಮಾಡುವುದು ಹೇಗೆ? ಕಲ್ಲು ಬರಲಿ, ಮರಳು ಬೇಡ

ಕಳೆದ ಎರಡು ವರ್ಷಗಳಲ್ಲಿ ನನಗೆ ಗೊತ್ತಿರುವ ಮೂರು ಮನೆಗಳಲ್ಲಿ ಉಪ್ಪು ನೀರಿನ ಅಕ್ವೇರಿಯಂ ಹಾಳಾಯಿತು. ಮೂರೂ ಹಾಳಾದದ್ದು ಒಂದೇ ರೀತಿ. ಚಿಕ್ಕ ಟ್ಯಾಂಕ್ ಚೆನ್ನಾಗಿಯೇ ಇತ್ತು. ಖುಷಿಯಲ್ಲಿ ದೊಡ್ಡದು ತಂದರು. ಒಂದು ಭಾನುವಾರ ಹಳೆಯದರಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ಸುರಿದರು. ಬುಧವಾರಕ್ಕೆ ಮೀನು ತೇಲುತ್ತಿತ್ತು. "ಮೀನು ಅದೇ, ಕಲ್ಲು ಅದೇ, ಉಪ್ಪೂ ಅದೇ ಕಂಪೆನಿಯದ್ದು. ಏನಾಯ್ತು ಮಾರಾಯ್ರೆ?" ಎಂದು ಫೋನು. ಆದದ್ದು ಇಷ್ಟೇ. ತೊಳೆಯಬಾರದ್ದನ್ನು ತೊಳೆದರು, ತರಬಾರದ್ದನ್ನು ತಂದರು.

ಮೀನಿನ ಕಸದಿಂದ, ಉಳಿದ ತಿಂಡಿಯಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅವು ಇರುವುದು ನೀರಿನಲ್ಲಿ ಅಲ್ಲ, ಟ್ಯಾಂಕಿನಲ್ಲಿ ಹವಳ ಕೂರಿಸಲು ಇಟ್ಟ ತೂತು ತೂತಾದ ಕಲ್ಲುಗಳ ಮೈಮೇಲೆ, ಒಳಗೆ. ಅಂದರೆ ನೀವು ಸಾಗಿಸುತ್ತಿರುವುದು ಮೀನನ್ನಲ್ಲ, ಕಲ್ಲನ್ನು. ಇದು ತಲೆಯಲ್ಲಿ ಇದ್ದರೆ ಮುಂದಿನದ್ದೆಲ್ಲ ಸುಲಭ.

ಜಾಗ ಮತ್ತು ಭಾರ

3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 190 ಲೀಟರ್. ಗಾಜು, ಕಲ್ಲು ಸೇರಿದರೆ ಕಾಲು ಟನ್. ಹಳೇ ಮನೆಯ ಮರದ ಮಾಳಿಗೆಯ ಮೇಲೆ ಬೇಡ, ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ. ನೆಲ ಸಮ ಇರಲಿ. ಮುಗಿಯಿತು.

ನೀರು

"ಕುಂಬಳೆ ಕಡಲು ಅರ್ಧ ಗಂಟೆಯ ದಾರಿ. ನಾಲ್ಕು ಕ್ಯಾನ್ ತುಂಬಿ ತಂದರೆ ಆಯ್ತಲ್ಲ?" ಕಾಸರಗೋಡಿನ ಕಡೆಯವನಾದ ನನ್ನಲ್ಲಿ ಇದನ್ನು ಕೇಳದವರು ಕಡಿಮೆ. ಕಡಲತಡಿಯ ಸಂಶೋಧನಾ ಕೇಂದ್ರಗಳು ಸಮುದ್ರದ ನೀರನ್ನೇ ಬಳಸುತ್ತವೆ, ನಿಜ. ಆದರೆ ಅವರಲ್ಲಿ ಸೋಸುವ ದೊಡ್ಡ ವ್ಯವಸ್ಥೆ ಇರುತ್ತದೆ. ನಮ್ಮ ದಡದ ನೀರಿನಲ್ಲಿ ಬೋಟಿನ ಡೀಸೆಲ್ ಇರುತ್ತದೆ, ಕೆಸರು ಇರುತ್ತದೆ. ಮಳೆಗಾಲದಲ್ಲಿ ಚಂದ್ರಗಿರಿ, ಮೊಗ್ರಾಲ್, ಶಿರಿಯಾ, ಉಪ್ಪಳ ಹೊಳೆಗಳು ತುಂಬಿ ಬಂದು ಸೇರುವಾಗ ದಡದಲ್ಲಿ ಉಪ್ಪೇ ಕಡಿಮೆಯಾಗುತ್ತದೆ. ಹವಳಕ್ಕೆ ಬೇಕಾದದ್ದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ದಿನವೂ ಅಷ್ಟೇ. ಹಾಗಾಗಿ ಹವಳದ ಟ್ಯಾಂಕಿಗೆಂದೇ ಮಾಡಿದ ರೀಫ್ ಸಾಲ್ಟ್ ಪುಡಿ ತಂದು ಕಲಸುವುದೇ ಸರಿ. ಹೆಸರಿಲ್ಲದ ಬಿಳಿ ಚೀಲದಲ್ಲಿ ಅಗ್ಗಕ್ಕೆ ಸಿಗುವ ಪುಡಿ ಬೇಡ. ಒಂದು ಚೀಲ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಅಡುಗೆಯ ಕಲ್ಲುಪ್ಪು ಅಂತೂ ಬೇಡವೇ ಬೇಡ, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಸಾಲುವುದಿಲ್ಲ.

ಕಲಸುವ ನೀರು ಯಾವುದು? ನಮ್ಮ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯಲು ಅಮೃತ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 40 ಅನ್ನುತ್ತದೆ, ಜನ ಹಿಗ್ಗುತ್ತಾರೆ. ಆ 40ರಲ್ಲಿ ಏನಿದೆ ಎಂದು ಮೀಟರ್ ಹೇಳುವುದಿಲ್ಲ. ಮುರಕಲ್ಲಿನ ಕಬ್ಬಿಣ ಇರಬಹುದು, ತೋಟಕ್ಕೆ ಹಾಕಿದ ಗೊಬ್ಬರದ ಅಂಶ ಇರಬಹುದು. ಎರಡೂ ಪಾಚಿಗೆ ಹಬ್ಬದೂಟ. ಅಡುಗೆಮನೆಯ ಆರ್‌ಒ ಕೂಡ ಸಾಲದು. ರುಚಿಗೆಂದು ಅದು ಸ್ವಲ್ಪ ಹಸಿ ನೀರನ್ನು ಮತ್ತೆ ಬೆರೆಸುತ್ತದೆ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಇರುವ ಫಿಲ್ಟರ್ ಬೇಕು. ಮೀಟರಿನಲ್ಲಿ ಸೊನ್ನೆ ಬರಬೇಕು. ಸೊನ್ನೆಯಿಂದ ಮೇಲೆ ಹೋದ ದಿನ ರೆಸಿನ್ ಬದಲಾಯಿಸಿ.

ಇನ್ನು ಡ್ರಮ್. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಪೆಟ್ಟು ತಿಂದವನು ನಾನು. ನನ್ನ ಮೊದಲ ಟ್ಯಾಂಕಿಗೆ ನೀರು ಬದಲಾಯಿಸಲು ಒಂದು ದಿನ ಬಾಲ್ದಿ ಸಾಲಲಿಲ್ಲ. ಕೊಟ್ಟಿಗೆಯ ಬದಿಯಲ್ಲಿದ್ದ ಡ್ರಮ್ ತಂದೆ. ಮೂರು ಸಲ ತೊಳೆದೆ. ಅದು ಅಡಿಕೆಗೆ ಮದ್ದು ಬಿಡುವ ಡ್ರಮ್. ಕೊಳೆರೋಗಕ್ಕೆ ಬಿಡುವ ಬೋರ್ಡೋದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ, ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮೈಲುತುತ್ತು ಅಂದರೆ ತಾಮ್ರ. ಡ್ರಮ್ಮಿನ ಅಂಚಿಗೆ ಹಿಡಿದಿದ್ದ ನೀಲಿ ಪಕ್ಕು ನನ್ನ ಕಣ್ಣಿಗೆ ಬೀಳಲಿಲ್ಲ. ಮರುದಿನ ಬೆಳಗ್ಗೆ ಸಿಗಡಿ ಮಗುಚಿ ಬಿದ್ದಿತ್ತು. ಬಸವನಹುಳುಗಳು ಗಾಜು ಬಿಟ್ಟು ಕೆಳಗೆ ಬಿದ್ದಿದ್ದವು. ಮೆತ್ತನೆಯ ಹವಳಗಳು ಮುದುಡಿ ಮುಷ್ಟಿಯಷ್ಟಾಗಿದ್ದವು. ಮೀನುಗಳಿಗೆ ಮಾತ್ರ ಏನೂ ಆಗಿರಲಿಲ್ಲ, ಅದಕ್ಕೇ ಕಾರಣ ಹೊಳೆಯಲು ಎರಡು ದಿನ ಹಿಡಿಯಿತು. ಬೆನ್ನೆಲುಬು ಇಲ್ಲದ ಜೀವಿಗಳಿಗೆ ತೀರಾ ಕಡಿಮೆ ತಾಮ್ರವೂ ಸಾಕು. ಕಲ್ಲಿಗೆ ಹಿಡಿದ ತಾಮ್ರ ಆಮೇಲೆಯೂ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇರುತ್ತದೆ. ಕೊನೆಗೆ ಆ ಕಲ್ಲುಗಳನ್ನೆಲ್ಲ ಎಸೆದು ಮೊದಲಿನಿಂದ ಶುರು ಮಾಡಿದೆ. ಹೊಸ ಡ್ರಮ್ ಕೊಳ್ಳಿ. ತೋಟದವರ ಕೈಗೆ ಸಿಗದ ಜಾಗದಲ್ಲಿ ಇಡಿ.

ಉಪ್ಪು ಕಲಸಿ ಒಂದು ದಿನ ಪಂಪ್ ಹಾಕಿ ತಿರುಗಿಸಿ. ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ. ಮುಳ್ಳು ಆಡುವ ಪ್ಲಾಸ್ಟಿಕ್ ಅಳತೆಯ ಡಬ್ಬಿ ಸುಮ್ನೆ ದುಡ್ಡು ದಂಡ. ಮುಳ್ಳಿಗೆ ನಾಲ್ಕು ಗುಳ್ಳೆ ಅಂಟಿದರೂ ಉಪ್ಪು ಜಾಸ್ತಿ ಎಂದು ತೋರಿಸುತ್ತದೆ. ಸಾಂದ್ರತೆ 1.025, ಬಿಸಿ 26 ಡಿಗ್ರಿ.

ಸಾಗಾಟದ ದಿನ

ಏಪ್ರಿಲ್, ಮೇ ಸೆಕೆಯಲ್ಲಿ ಬೇಡ. ಆಟಿಯ (ಜುಲೈ, ಆಗಸ್ಟ್) ಮಳೆಯಲ್ಲೂ ಬೇಡ. ಡಿಸೆಂಬರ್, ಜನವರಿ ಒಳ್ಳೆಯದು. ಬೆಳಗ್ಗೆ ಆರಕ್ಕೇ ಶುರು ಮಾಡಿ. ಹೊಸ ಟ್ಯಾಂಕಿನಲ್ಲಿ ಹೊಸ ಮರಳು, ಹೊಸ ಉಪ್ಪು ನೀರು ಹಾಕಿ ಎರಡು ದಿನ ಮೊದಲೇ ಪಂಪ್ ಓಡುತ್ತಿರಬೇಕು. ಕಲ್ಲು ಬರಲು ಜಾಗ ಬೇಕಲ್ಲ, ಕಾಲು ಭಾಗ ಖಾಲಿ ಬಿಡಿ. ಇನ್ನೊಂದು 40 ಲೀಟರ್ ಉಪ್ಪು ನೀರು ಬೇರೆ ಕಲಸಿ ಇಟ್ಟಿರಿ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ತೆಗೆಯುವುದು ನೀರು. ಹಳೇ ಟ್ಯಾಂಕಿನ ಮೇಲ್ಭಾಗದ ತಿಳಿ ನೀರನ್ನು ಪೈಪ್ ಹಾಕಿ ಎಳೆದು ನಾಲ್ಕು ಬಾಲ್ದಿ ತುಂಬಿಸಿ. ಆಗ ಮರಳು ಕದಡಬಾರದು. ಒಂದು ಬಾಲ್ದಿ ಹವಳಕ್ಕೆ, ಎರಡು ಕಲ್ಲಿಗೆ, ಒಂದು ಮೀನಿಗೆ.

ಆಮೇಲೆ ಹವಳ. ಒಂದಕ್ಕೊಂದು ತಾಗದಂತೆ ಇಡಿ, ತಾಗಿದರೆ ಚುಚ್ಚಿಕೊಳ್ಳುತ್ತವೆ. ಕಲ್ಲಿಗೆ ಅಂಟಿದ್ದನ್ನು ಕೀಳಬೇಡಿ, ಕಲ್ಲಿನ ಜೊತೆಯೇ ಬರಲಿ.

ಆಮೇಲೆ ಕಲ್ಲು. ಎಲ್ಲರೂ ಎಡವುವುದು ಇಲ್ಲಿ. ಕಲ್ಲು ಎತ್ತುವಾಗ ಕಂದು ಕೆಸರು ಇಳಿಯುತ್ತದೆ. ನೋಡಿದ ಕೂಡಲೇ ಮನಸ್ಸಿಗೆ ಹೇಸಿಗೆಯಾಗಿ, ಹಿತ್ತಿಲಿನ ನಲ್ಲಿಗೆ ಒಯ್ದು ಬ್ರಷ್ ಹಾಕಿ ಉಜ್ಜುತ್ತಾರೆ. ನಲ್ಲಿಯಲ್ಲಿ ಕ್ಲೋರಿನ್ ಇರುತ್ತದೆ. ಬಾವಿಗೂ ನಾವು ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, ಅಲ್ವಾ? ಅದು ಇಲ್ಲದಿದ್ದರೂ ಸಿಹಿ ನೀರು ಬಿದ್ದರೆ ಕಲ್ಲಿನೊಳಗಿನ ಸಣ್ಣ ಹುಳು, ಸ್ಪಂಜು ಎಲ್ಲ ಸಾಯುತ್ತವೆ. ಸತ್ತದ್ದು ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ತಿನ್ನಬೇಕಾದ ಬ್ಯಾಕ್ಟೀರಿಯಾವನ್ನೂ ನೀವೇ ಕೊಂದಿರುತ್ತೀರಿ. ಬುಧವಾರದ ಕತೆ ಇದೇ.

ಸರಿಯಾದ ಕ್ರಮ ಇದು. ಹಳೇ ಟ್ಯಾಂಕಿನ ನೀರು ತುಂಬಿದ ಮೊದಲ ಬಾಲ್ದಿಯಲ್ಲಿ ಕಲ್ಲನ್ನು ಮುಳುಗಿಸಿ, ಎರಡೂ ಕೈಯಲ್ಲಿ ಹಿಡಿದು ಹತ್ತು ಸಲ ಜೋರಾಗಿ ಅಲ್ಲಾಡಿಸಿ. ಕೆಸರು ಉದುರುತ್ತದೆ. ಎರಡನೆಯ ಬಾಲ್ದಿಯಲ್ಲಿ ಇನ್ನೊಮ್ಮೆ. ಅಲ್ಲಿಂದ ನೇರ ಹೊಸ ಟ್ಯಾಂಕಿಗೆ. ನಡುವೆ ಎಲ್ಲಾದರೂ ಇಡಬೇಕಾಗಿ ಬಂದರೆ ಉಪ್ಪು ನೀರಿನಲ್ಲಿ ಚಂಡಿ ಮಾಡಿದ ಬೈರಾಸು ಹೊದೆಸಿ. ಕಲ್ಲು ಒಣಗಬಾರದು. ಮೊದಲ ಬಾಲ್ದಿಯ ನೀರು ಚಹಾದ ಬಣ್ಣಕ್ಕೆ ಬಂದಾಗ ಚೆಲ್ಲಿ, ಹೊಸದು ತುಂಬಿಸಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕಲ್ಲಿನ ಸಂದಿಯ ಮುಳ್ಳುಹುಳ ಚುಚ್ಚಿದರೆ ಎರಡು ದಿನ ಉರಿ.

ಕೊನೆಗೆ ಮೀನು. ಕಲ್ಲು ಇರುವಾಗ ಬಲೆ ಹಿಡಿದು ಓಡಿಸಬೇಡಿ, ನೀವೂ ಸುಸ್ತು, ಮೀನೂ ಸುಸ್ತು. ಕಲ್ಲೆಲ್ಲ ಹೋಗಿ ನೀರು ಒಂದು ಗೇಣು ಉಳಿದಾಗ ಕ್ಲೌನ್ ಮೀನು ತಾನಾಗಿ ಮೂಲೆಗೆ ಬಂದು ನಿಲ್ಲುತ್ತದೆ. ಮುಚ್ಚಳ ಇರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹಾಕಿ, ಗಾಳಿಯ ಪಂಪ್ ಬಿಡಿ. ಮಾರ್ಕೆಟಿನ ಬಂಗುಡೆ ತುಂಬಿ ಬಂದ ಪೆಟ್ಟಿಗೆ ಬೇಡ, ಎಷ್ಟು ತೊಳೆದರೂ ಅದು ಬಂಗುಡೆಯದ್ದೇ. ಎರಡೂ ಕಡೆಯ ಉಪ್ಪು, ಬಿಸಿ ಒಂದೇ ಇದ್ದರೆ ಅರ್ಧ ಗಂಟೆ ಹನಿ ಹನಿ ಹೊಸ ನೀರು ಸೇರಿಸಿ ಬಿಟ್ಟರೆ ಸಾಕು.

ಮರಳು? ಅದು ಅಲ್ಲೇ ಇರಲಿ. ಒಂದೆರಡು ವರ್ಷ ಕೂತ ಮರಳಿನ ಅಡಿಯಲ್ಲಿ ಕಸ ತುಂಬಿರುತ್ತದೆ, ಗಾಳಿ ಸೇರದ ಕಡೆ ಕೊಳೆತ ಮೊಟ್ಟೆಯ ವಾಸನೆ ಬರುವ ವಿಷಗಾಳಿಯೂ ಇರಬಹುದು. ಕದಡಿದರೆ ಎಲ್ಲ ಒಟ್ಟಿಗೆ ಹೊರಗೆ. ಬ್ಯಾಕ್ಟೀರಿಯಾ ಬೇಕೆಂದು ಒಂದು ಮುಷ್ಟಿ ಮೇಲ್ಮರಳು ತನ್ನಿ ಎನ್ನುವವರು ಇದ್ದಾರೆ. ನಾನು ಅದನ್ನೂ ತರುವುದಿಲ್ಲ. ಕಲ್ಲು ಇರುವಾಗ ಮುಷ್ಟಿ ಮರಳು ಯಾಕೆ?

ಹೊಸ ಟ್ಯಾಂಕ್ ದೊಡ್ಡದು, ಕಲ್ಲು ಕಡಿಮೆಯಾಯಿತು ಎಂದು ಕಡಲಿನಿಂದ ಹೊತ್ತು ತರುವ ಯೋಚನೆ ಬೇಡ. ಗಟ್ಟಿ ಹವಳಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಲಕ್ಷದ್ವೀಪದಿಂದ ಬಂದ ನೆಂಟರು ಚೀಲದಲ್ಲಿ ತಂದುಕೊಟ್ಟರೂ ಅಪರಾಧವೇ. ಒಣ ಕಲ್ಲು ಅಂಗಡಿಯಲ್ಲಿ ಸಿಗುತ್ತದೆ. ಹಳೇ ಕಲ್ಲಿನ ಪಕ್ಕ ಇಟ್ಟರೆ ಕೆಲವು ತಿಂಗಳಲ್ಲಿ ಅದಕ್ಕೂ ಜೀವ ಬರುತ್ತದೆ. ಕ್ಲೌನ್ ಮೀನು ಕೂಡ ಸಾಕಿ ಬೆಳೆಸಿದ್ದನ್ನೇ ಕೇಳಿ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಮರಿ ಮಾಡಿಸುವ ಕ್ರಮವನ್ನು ನಮ್ಮ ದೇಶದಲ್ಲೇ ಸಿದ್ಧಪಡಿಸಿದ್ದಾರೆ.

ಮೊದಲ ವಾರ

ದಿನಕ್ಕೊಮ್ಮೆ ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ಅಳೆಯಿರಿ. ಮೂರು ದಿನ ತಿಂಡಿ ಚಿಟಿಕೆಯಷ್ಟೇ. ಕಿಟ್ಟಿನ ಬಣ್ಣ ಸೊನ್ನೆಯಿಂದ ಸ್ವಲ್ಪ ಬದಲಾದರೂ, ಟ್ಯಾಂಕಿನ ನೀರು ಸ್ವಲ್ಪ ತೆಗೆದು ಬದಲಾಯಿಸಲು ಆ 40 ಲೀಟರ್ ನೀರು ಕೆಲಸಕ್ಕೆ ಬರುತ್ತದೆ. ರಾತ್ರಿ ಹತ್ತಕ್ಕೆ ಅಮೋನಿಯಾ ಏರಿದರೆ ಆಗ ಉಪ್ಪು ಕಲಸುತ್ತಾ ಕೂರಲು ಆಗುವುದಿಲ್ಲ. ನೀರು ತಿಳಿಯಾಗಲು ಒಂದು ಚೀಲ ಇದ್ದಿಲು ನೇತುಹಾಕಿ. ಅಕ್ವೇರಿಯಂ ಇದ್ದಿಲಿನಲ್ಲಿ ಒಳ್ಳೆಯದು ತೆಂಗಿನ ಗೆರಟೆಯದ್ದು. ಹಾಗೆಂದು ಬಚ್ಚಲ ಒಲೆಯ ಗೆರಟೆ ಕೆಂಡ ತಂದು ಹಾಕಬೇಡಿ, ಕಾರ್ಖಾನೆಯಲ್ಲಿ ಹದ ಮಾಡಿದ್ದು ಬೇರೆ.

ದೊಡ್ಡ ಟ್ಯಾಂಕ್ ಅಂದರೆ ಹೊಸ ಎಲ್‌ಇಡಿಯೂ ಬಂದಿರುತ್ತದೆ. ಮೊದಲ ದಿನವೇ ಪೂರ್ತಿ ಉರಿಸಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಮೂವತ್ತು ನಲವತ್ತು ಶೇಕಡಾದಿಂದ ಶುರು ಮಾಡಿ, ವಾರ ವಾರ ಸ್ವಲ್ಪ ಏರಿಸಿ.

ಆರಿದ ನೀರು, ಏರುವ ಸೆಕೆ, ಹೋಗುವ ಕರೆಂಟ್

ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆರಿದ್ದಕ್ಕೆ ತುಂಬಬೇಕಾದ್ದು ಸೊನ್ನೆ ಟಿಡಿಎಸ್‌ನ ಸಿಹಿ ನೀರು, ಉಪ್ಪು ನೀರಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಒಬ್ಬರಾದರೂ ಉಪ್ಪು ನೀರು ಹಾಕಿರುತ್ತಾರೆ.

ನಮ್ಮಲ್ಲಿ ಹೀಟರ್ ಬೇಡ. ಕಿಟ್ಟಿನ ಜೊತೆ ಬಂದಿದ್ದರೆ ತೆಗೆದಿಡಿ, ಸ್ವಿಚ್ ಅಂಟಿಕೊಂಡು ಮೀನು ಬೇಯಿಸಿದ ಹೀಟರ್‌ಗಳು ಇವೆ. ಬೇಕಾದದ್ದು ನೀರು ತಣಿಸುವ ಚಿಲ್ಲರ್. ಫ್ಯಾನ್ ಬಿಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ, ಆದರೆ ಗಾಳಿಯಲ್ಲೇ ನೀರಿರುವ ನಮ್ಮ ಮೇ ತಿಂಗಳಲ್ಲಿ ಅದೂ ಕಷ್ಟ. ನನ್ನ ಚಿಲ್ಲರ್ ನೋಡಿ ಮೀನು ಮಾರುವವರು "ಮೀನಿಗೂ ಏಸಿಯಾ ಮಾರಾಯ್ರೆ?" ಎಂದು ಬಹಳ ಹೊತ್ತು ನಕ್ಕಿದ್ದರು.

ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿತ್ತು ಅಂದರೆ ಒಂದು ರಾತ್ರಿ ಕರೆಂಟ್ ಇಲ್ಲ. ಆಗ ಮೀನು ಸಾಯುವುದು ಕತ್ತಲೆಗೆ ಅಲ್ಲ, ಉಸಿರು ಕಟ್ಟಿ. ಇನ್ವರ್ಟರ್‌ಗೆ ಲೈಟ್ ಕೊಡಬೇಡಿ, ಚಿಲ್ಲರ್ ಕೊಡಬೇಡಿ. ನೀರು ಕಲಕುವ ವೇವ್‌ಮೇಕರ್, ಗಾಳಿಯ ಪಂಪ್, ಎರಡೇ ಸಾಕು. ಎರಡೂ ಸೇರಿ ಹದಿನೈದು ಇಪ್ಪತ್ತು ವ್ಯಾಟ್. ಸೆಕೆ ಇದ್ದರೆ ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಮುಚ್ಚಳ ಬಿಗಿದು ತೇಲಿಬಿಡಿ. ಕೆಳಗೆ ಸಂಪ್ (ಫಿಲ್ಟರ್, ಪಂಪ್ ಇಡುವ ಇನ್ನೊಂದು ಟ್ಯಾಂಕ್) ಇಟ್ಟವರು ಒಮ್ಮೆ ಹಗಲಿನಲ್ಲೇ ಸ್ವಿಚ್ ಆರಿಸಿ ನೋಡಿ. ಮೇಲಿನ ನೀರು ಇಳಿದು ಬಂದಾಗ ಸಂಪ್ ತುಂಬಿ ನೆಲಕ್ಕೆ ಚೆಲ್ಲುತ್ತದೆಯೋ ಎಂದು ಆಗಲೇ ಗೊತ್ತಾಗಲಿ.

ಹವಳ ಬೆಳೆಯತೊಡಗಿದ ಮೇಲೆ ಸುಣ್ಣ ಬೇಕು. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಸುಮಾರಾಗಿ ಲೀಟರಿಗೆ ಮಿಲಿಗ್ರಾಂ), ಕ್ಷಾರ 8ರಿಂದ 9 ಡಿಕೆಎಚ್ (ಕ್ಷಾರದ ಅಳತೆ) ಇರಲಿ. ಅಗ್ಗದ ದಾರಿ ಸುಣ್ಣದ ತಿಳಿ. ಲೀಟರ್ ಸೊನ್ನೆ ಟಿಡಿಎಸ್ ನೀರಿಗೆ ಒಂದೂವರೆ ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಲಸಿ, ಕೂರಲು ಬಿಟ್ಟು, ಮೇಲಿನ ತಿಳಿಯನ್ನು ರಾತ್ರಿ ಹನಿ ಹನಿಯಾಗಿ ಬಿಡಿ. ಒಮ್ಮೆಗೇ ಸುರಿದರೆ ಪಿಎಚ್ ಏರಿ ಎಲ್ಲ ಹೋಗುತ್ತದೆ. ಎಲೆ ಅಡಿಕೆಯ ಡಬ್ಬಿಯ ಸುಣ್ಣವೂ ಹೆಸರಿಗೆ ಅದೇ, ಆದರೆ ಅದರಲ್ಲಿ ಇನ್ನೇನು ಬೆರೆತಿದೆಯೋ, ಅಜ್ಜನಿಗೇ ಇರಲಿ.

ಹಳೇ ಟ್ಯಾಂಕ್

ಮಾರಬೇಡಿ. ತೊಳೆದು, ಮರಳು ಕಲ್ಲು ಏನೂ ಇಲ್ಲದೆ, ಒಂದು ಸ್ಪಂಜ್ ಫಿಲ್ಟರ್ ಹಾಕಿ ಇಟ್ಟುಕೊಳ್ಳಿ. ಸ್ಪಂಜನ್ನು ಮೊದಲೇ ತಿಂಗಳುಗಟ್ಟಲೆ ದೊಡ್ಡ ಟ್ಯಾಂಕಿನ ಸಂಪಿನಲ್ಲಿ ಮುಳುಗಿಸಿಟ್ಟಿದ್ದರೆ ಅದರಲ್ಲೂ ಬ್ಯಾಕ್ಟೀರಿಯಾ ಸೇರಿರುತ್ತದೆ. ಹೊಸ ಮೀನು ಬಂದರೆ ನಾಲ್ಕು ವಾರ ಅಲ್ಲೇ ಇರಲಿ. ಮೈಮೇಲೆ ಬಿಳಿ ಚುಕ್ಕೆ ಎದ್ದರೆ ಅದಕ್ಕೆ ಕೊಡುವ ಮದ್ದು ಹೆಚ್ಚಾಗಿ ತಾಮ್ರದ್ದೇ. ಹಾಗಾಗಿ ಆ ಟ್ಯಾಂಕಿನ ಬಾಲ್ದಿ, ಬಲೆ, ಪೈಪು, ಮದ್ದು ಹಾಕಿದ ಸ್ಪಂಜು ಯಾವುದೂ ದೊಡ್ಡ ಟ್ಯಾಂಕಿನ ಹತ್ತಿರ ಬರಬಾರದು. ನನ್ನ ಮನೆಯಲ್ಲಿ ಆ ಬಾಲ್ದಿಯ ಮೇಲೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ "ತುತ್ತು" ಎಂದು ಬರೆದಿದೆ. ಕಳೆದ ಮಳೆಗಾಲದಲ್ಲಿ ಅದನ್ನು ಓದಿದ ಕೆಲಸದವರು ಮದ್ದು ಬಿಡಲು ತೋಟಕ್ಕೆ ಒಯ್ದಿದ್ದರು.