ಮಕ್ಕಳ ಮಾಹಿತಿ ಕಾಯ್ದೆಗೆ ನಮ್ಮ ಶಾಲೆ ಸಜ್ಜಾದದ್ದು ಹೀಗೆ

ನಮ್ಮದು ಸುಮಾರು 900 ಮಕ್ಕಳಿರುವ ಅನುದಾನರಹಿತ ಶಾಲೆ. ನಾನು ಕಂಪ್ಯೂಟರ್ ಪಾಠ ಮಾಡುವವನು. ಲ್ಯಾಬ್, ಆಫೀಸಿನ ಸಿಸ್ಟಂ, ಬಸ್ ಆಪ್, ಎಲ್ಲ ನನ್ನ ತಲೆಗೇ. ಮಕ್ಕಳ ಮಾಹಿತಿ ಬಳಸಲು ಈಗ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಪೋಷಕರ ಸರಿಯಾದ ಒಪ್ಪಿಗೆ ಇದೆ. ಯಾವ ಮಾಹಿತಿ ಯಾರ ಕೈಗೆ ಹೋಗುತ್ತದೆ ಎಂದು ಯಾರೇ ಕೇಳಿದರೂ ಒಂದು ರಿಜಿಸ್ಟರ್ ತೆಗೆದು ತೋರಿಸಬಹುದು. ಇಡೀ ಕೆಲಸಕ್ಕೆ ಖರ್ಚಾದದ್ದು 40 ಸಾವಿರದ ಆಸುಪಾಸು. ಇದೇ ಕೆಲಸಕ್ಕೆ ಒಂದು ಸಾಫ್ಟ್‌ವೇರ್ ಕಂಪನಿ ವರ್ಷಕ್ಕೆ ಮೂರು ಲಕ್ಷದ ಮೇಲೆ ಕೇಳಿತ್ತು.

ಶುರು ಮಾಡಿದಾಗ ಯಾರೂ ನಂಬಲಿಲ್ಲ. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, "ಮೇಷ್ಟ್ರೇ, ಇದೆಲ್ಲ ಗೂಗಲ್, ಫೇಸ್‌ಬುಕ್‌ನವರಿಗೆ ಮಾಡಿದ ಕಾನೂನು. ನಮ್ಮಂಥ ಶಾಲೆಗೆ ಯಾರು ಬಂದು ಕೇಳ್ತಾರೆ?" ಎಂದರು. ಪಕ್ಕದ ಶಾಲೆಯ ಗೆಳೆಯರೊಬ್ಬರು, ಒಂದು ಲಾಯರ್ ನೋಟಿಸ್ ಬರುವವರೆಗೆ ಸುಮ್ನೆ ಇರಿ ಎಂದರು. ಕೆಲಸ ಆದ ಮೇಲೆ ಇಬ್ಬರೂ ನನ್ನ ಫೈಲ್ ಕೇಳಿದರು.

ಕಾಯ್ದೆಯನ್ನು ಉದ್ದಕ್ಕೆ ಹೇಳುವುದಿಲ್ಲ. ಮಗುವಿನ ಹೆಸರು, ಫೋಟೋದಂಥ ಮಾಹಿತಿಯನ್ನು ಡಿಜಿಟಲ್ ರೂಪದಲ್ಲಿ ಬಳಸುವ ಮೊದಲು ಪೋಷಕರ ಒಪ್ಪಿಗೆ ಪಡೆಯಬೇಕು ಎನ್ನುವುದು ನಮಗೆ ಸಂಬಂಧಪಟ್ಟ ಮುಖ್ಯ ಮಾತು. ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ 2023ರದ್ದು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳೆಲ್ಲ ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿಗೆ ಜಾರಿ. ಮಕ್ಕಳ ಆನ್‌ಲೈನ್ ಮಾಹಿತಿ ಕಾಯುವ ಅಮೆರಿಕದ ಕೊಪ್ಪಾ ಕಾಯ್ದೆಗೆ 13 ವರ್ಷದೊಳಗಿನವರು ಮಾತ್ರ ಮಕ್ಕಳು. ನಮ್ಮಲ್ಲಿ 18 ತುಂಬುವವರೆಗೂ ಮಕ್ಕಳೇ. ಹಾಗಾಗಿ ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗೆ ಎಲ್ಲರಿಗೂ ಪೋಷಕರ ಒಪ್ಪಿಗೆಯ ಮಾತು ಬರುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡದ ಮೇಲ್ಮಿತಿ 200 ಕೋಟಿ. ಆ ಅಂಕಿ ತೋರಿಸಿ ಹೆದರಿಸಿ ಸಾಫ್ಟ್‌ವೇರ್ ಮಾರುವವರು ಬಹಳ ಜನ ಇದ್ದಾರೆ. ಮೇಲ್ಮಿತಿ ಎಂದರೆ ಮೇಲ್ಮಿತಿ ಅಷ್ಟೇ, ಮೊದಲ ದಿನವೇ ಬೀಳುವ ದಂಡ ಅಲ್ಲ.

ಒಂದು ವಿನಾಯಿತಿ ಮಾತ್ರ ಎಲ್ಲರೂ ಸರಿಯಾಗಿ ಓದಿಕೊಳ್ಳಬೇಕು. ಪಾಠದ ಚಟುವಟಿಕೆಗೆ ಅಥವಾ ಮಕ್ಕಳ ಸುರಕ್ಷತೆಗೆ ಬೇಕಾದ ಟ್ರ್ಯಾಕಿಂಗ್‌ಗೆ, ವರ್ತನೆ ಗಮನಿಸುವುದಕ್ಕೆ ಶಾಲೆಗಳಿಗೆ ವಿನಾಯಿತಿ ಇದೆ. ಶಾಲೆ ಗೊತ್ತು ಮಾಡಿದ ವಾಹನದವರಿಗೂ, ಮಕ್ಕಳು ಪ್ರಯಾಣ ಮಾಡುವಾಗ ಅವರ ಸುರಕ್ಷತೆಗಾಗಿ ಎಲ್ಲಿದ್ದಾರೆ ಎಂದು ನೋಡಲು ವಿನಾಯಿತಿ ಇದೆ. ಇದನ್ನು ಕೇಳಿದ ಕೂಡಲೇ ಶಾಲೆಗೆ ಕಾಯ್ದೆಯೇ ಇಲ್ಲ ಎಂದುಕೊಂಡವರನ್ನು ನೋಡಿದ್ದೇನೆ. ಫೇಸ್‌ಬುಕ್‌ಗೆ ಹಾಕುವ ಫೋಟೋ, ಊರ ತುಂಬ ಕಟ್ಟುವ ಫ್ಲೆಕ್ಸ್, ಕೋಚಿಂಗ್ ಸೆಂಟರಿಗೆ ಕೊಡುವ ಪಟ್ಟಿ ಇವ್ಯಾವುವೂ ಪಾಠವೂ ಅಲ್ಲ, ಸುರಕ್ಷತೆಯೂ ಅಲ್ಲ.

ಒಪ್ಪಿಗೆ ಪಡೆಯುವುದೇ ಎಲ್ಲಕ್ಕಿಂತ ಜಾಸ್ತಿ ಕಾಡಿತು. ಮಂಡಳಿಯ ವಕೀಲರು ಇಂಗ್ಲಿಷಿನಲ್ಲಿ ನಾಲ್ಕು ಪುಟದ ಪತ್ರ ಬರೆದುಕೊಟ್ಟರು. ಮಕ್ಕಳ ಬ್ಯಾಗಿನಲ್ಲಿಟ್ಟು ಕಳಿಸಿದೆವು. ಕಾಲು ಭಾಗವೂ ವಾಪಸ್ ಬರಲಿಲ್ಲ. ಬಂದವುಗಳಲ್ಲೂ ಎಷ್ಟೋ ಸಹಿ ಮಕ್ಕಳೇ ಹಾಕಿದ್ದು ಎಂದು ಕ್ಲಾಸ್ ಟೀಚರ್‌ಗಳು ನೋಡಿದ ತಕ್ಷಣ ಹೇಳಿದರು. ಝೆರಾಕ್ಸಿಗೇ ಆರು ಸಾವಿರ ಹೋಯಿತು.

ಆಮೇಲೆ ಓಟಿಪಿ ಪ್ರಯತ್ನ. ಎಸ್‌ಎಂಎಸ್ ಪ್ಯಾಕ್ ಕೊಂಡು, ಪೋಷಕರ ನಂಬರಿಗೆ ಓಟಿಪಿ ಕಳಿಸಿ, ಅದನ್ನು ಫಾರಂನಲ್ಲಿ ತುಂಬಿಸುವುದು. ಉತ್ತರಗಳು ಬೇಗ ಬಂದವು. ಆದರೆ ಸಂಜೆ ಏಳರ ನಂತರ ಬಂದವು ಬಹುಪಾಲು ಮಕ್ಕಳೇ ತುಂಬಿದ್ದು. ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್, ಸಂಜೆ ಅದು ಮಕ್ಕಳ ಕೈಯಲ್ಲೇ ಇರುತ್ತದೆ ಅಲ್ವಾ? ಕಾಯ್ದೆ ಕೇಳುವುದು ಪೋಷಕರೇ ಕೊಟ್ಟರು ಎಂದು ಪರಿಶೀಲಿಸಿದ ಒಪ್ಪಿಗೆ. ಎಂಟನೇ ತರಗತಿ ಹುಡುಗ ಅಪ್ಪನ ಫೋನಿನಲ್ಲಿ ಒತ್ತಿದ ಒಪ್ಪಿಗೆಗೆ ಬೆಲೆ ಇಲ್ಲ. ಇನ್ನೊಂದು ಏಳೆಂಟು ಸಾವಿರ ಅಲ್ಲಿ ಹೋಯಿತು.

ದಾರಿ ಸಿಕ್ಕಿದ್ದು ನಿಯಮವನ್ನೇ ಮತ್ತೆ ನಿಧಾನವಾಗಿ ಓದಿದಾಗ. ಪೋಷಕರ ಗುರುತು ಮತ್ತು ವಯಸ್ಸಿನ ನಂಬುವಂಥ ವಿವರ ಸಂಸ್ಥೆಯ ಬಳಿ ಮೊದಲೇ ಇದ್ದರೆ ಅದನ್ನೇ ಆಧಾರ ಮಾಡಿಕೊಳ್ಳಬಹುದು. ಡಿಜಿಲಾಕರ್‌ನಂಥ ಸೇವೆ ಕೊಡುವ, ಗುರುತು ಮತ್ತು ವಯಸ್ಸು ದೃಢಪಡಿಸುವ ಟೋಕನ್ ಇನ್ನೊಂದು ದಾರಿ, ಅದೇ ಬೇಕು ಎಂದೇನಿಲ್ಲ. ಶಾಲೆಯ ಬಳಿ ಏನಿದೆ? ದಾಖಲಾತಿ ರಿಜಿಸ್ಟರ್ ಇದೆ. ದಾಖಲಾತಿ ದಿನ ಪೋಷಕರ ಗುರುತಿನ ಚೀಟಿ ನೋಡಿಯೇ ಬರೆದುಕೊಂಡಿರುತ್ತೇವೆ. ಸಾಲದ್ದಕ್ಕೆ ಅಪ್ಪ ಅಮ್ಮನ ಮುಖ ಕ್ಲಾಸ್ ಟೀಚರ್‌ಗೆ ಗೊತ್ತು. ಇಷ್ಟು ಒಳ್ಳೆಯ ಪರಿಶೀಲನೆ ಯಾವ ಆಪ್‌ಗೂ ಸಿಗುವುದಿಲ್ಲ.

ಹಾಗಾಗಿ ಅಂಕಪಟ್ಟಿ ಕೊಡುವ ದಿನ ಹಿಡಿದೆ. ಆ ದಿನ ಪೋಷಕರು ಬಂದೇ ಬರುತ್ತಾರೆ. ಪತ್ರ ಒಂದೇ ಪುಟ, ಕನ್ನಡದಲ್ಲಿ. ಉರ್ದು ಮತ್ತು ಇಂಗ್ಲಿಷ್ ಪ್ರತಿಗಳೂ ಇದ್ದವು. ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಅವಕಾಶ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಐದು ಸಾಲು, ಪ್ರತಿ ಸಾಲಿಗೂ ಬೇರೆ ಬೇರೆ "ಹೌದು", "ಬೇಡ". ಶಾಲೆಯ ಗೂಗಲ್ ಖಾತೆ, ಬಸ್ ಆಪ್, ಸೋಷಿಯಲ್ ಮೀಡಿಯಾ ಫೋಟೋ, ಫಲಿತಾಂಶದ ಫ್ಲೆಕ್ಸ್, ಹೊರಗಿನ ಸ್ಪರ್ಧೆಗಳಿಗೆ ಹೆಸರು ಕಳಿಸುವುದು. ಯಾವುದಕ್ಕೆ ಬೇಡ ಎಂದರೂ ಅಂಕಪಟ್ಟಿ ತಡೆಯುವಂತಿಲ್ಲ ಎಂದು ಟೀಚರ್‌ಗಳಿಗೆ ಮೊದಲೇ ಕೂರಿಸಿ ಹೇಳಿದ್ದೆ. ಅಂಕಪಟ್ಟಿಯನ್ನು ಮೊದಲು ಕೈಗೆ ಕೊಟ್ಟು, ಆಮೇಲೆಯೇ ಪತ್ರ ಮುಂದಿಡಬೇಕು. ಓದಲು ಬಾರದವರಿಗೆ ಟೀಚರ್ ಓದಿ ಹೇಳುತ್ತಾರೆ. ಒಬ್ಬರಿಗೆ ಎರಡು ಮೂರು ನಿಮಿಷ. ಒಂದೇ ದಿನದಲ್ಲಿ ಮುಕ್ಕಾಲು ಪಾಲು ಮುಗಿಯಿತು. ಉಳಿದವರಲ್ಲಿ ಹೆಚ್ಚಿನವರು ಫೀಸು ಕಟ್ಟಲು ಬಂದಾಗ ಕೌಂಟರಿನಲ್ಲಿ ಕೊಟ್ಟರು.

ಪೂರ್ತಿ "ಹೌದು" ಬರಲಿಲ್ಲ, ಬರಬಾರದು ಕೂಡ. ಫೋಟೋಗೆ ಬೇಡ ಎಂದವರು 60ರಷ್ಟು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲು ಬರಬೇಕು ಎಂಬುದೂ ಕಾಯ್ದೆಯಲ್ಲಿದೆ. ಕೌಂಟರಿನಲ್ಲಿ ಅದಕ್ಕೊಂದು ಚೀಟಿ ಇಟ್ಟಿದ್ದೇವೆ. ವರ್ಷದ ನಡುವೆ ಒಬ್ಬ ತಾಯಿ ಬಂದು, ಮಗಳು ಯಾವ ಶಾಲೆಯಲ್ಲಿ ಓದುತ್ತಿದ್ದಾಳೆ ಎಂದು ಗೊತ್ತಾಗುವ ಒಂದೂ ಫೋಟೋ ಇರಬಾರದು ಎಂದರು. ಕಾರಣ ಕೇಳಲಿಲ್ಲ. ಸಂಜೆಯೊಳಗೆ ತೆಗೆದೆವು. ಅಷ್ಟು ಬೇಗ ಆದದ್ದು ಫೋಟೋಗಳಿಗೂ ಒಂದು ರಿಜಿಸ್ಟರ್ ಇಟ್ಟಿದ್ದರಿಂದ.

ಬೇಡ ಎಂದ ಮಕ್ಕಳನ್ನು ಗುಂಪಿನಿಂದ ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸುವುದು ನನಗೆ ಸ್ವಲ್ಪವೂ ಸರಿಬರಲಿಲ್ಲ. ಕೆಲವು ಶಾಲೆಗಳಲ್ಲಿ ಹಾಗೆ ಮಾಡುತ್ತಾರೆ, ಆ ಮಗುವಿನ ಮುಖ ನೋಡಲಾಗುವುದಿಲ್ಲ. ನಾವು ತೆಗೆಯುವ ರೀತಿಯನ್ನೇ ಬದಲಿಸಿದೆವು. ಸಾರ್ವಜನಿಕ ಪುಟಕ್ಕೆ ಮಕ್ಕಳು ಮಾಡಿದ ಮಾಡೆಲ್, ರಂಗೋಲಿ, ಹಿಂದಿನಿಂದ ತೆಗೆದ ವೇದಿಕೆಯ ಚಿತ್ರ. ಹೆಸರು ಹಾಕುವುದಿಲ್ಲ. ಫ್ಲೆಕ್ಸ್ ವಿಷಯದಲ್ಲಿ ಮಂಡಳಿ ಜೋರಾಗಿ ಜಗಳ ಆಡಿತು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಫ್ಲೆಕ್ಸ್ ಇಲ್ಲದೆ ಅಡ್ಮಿಷನ್ ಹೇಗೆ ಎಂದು. ಹೆಚ್ಚು ಅಂಕ ಪಡೆದವರ ಮನೆಗೆ ಫೋನ್ ಮಾಡಿ ಮತ್ತೊಮ್ಮೆ ಕೇಳಿದೆವು. ಒಂದಿಬ್ಬರನ್ನು ಬಿಟ್ಟು ಎಲ್ಲರೂ ಖುಷಿಯಿಂದ ಒಪ್ಪಿದರು. ಜಗಳಕ್ಕೆ ಕಾರಣವೇ ಇರಲಿಲ್ಲ.

ಎರಡನೇ ದೊಡ್ಡ ಕೆಲಸ, ಕೇಳುವುದನ್ನೇ ಕಡಿಮೆ ಮಾಡುವುದು. ಇದನ್ನು ಮೊದಲು ಮಾಡಿ. ನಮ್ಮ ದಾಖಲಾತಿ ಅರ್ಜಿಯಲ್ಲಿ 45ರ ಮೇಲೆ ಕಾಲಂ ಇದ್ದವು. ಪ್ರತಿಯೊಂದಕ್ಕೂ ಗುಮಾಸ್ತರನ್ನು ಕೇಳಿದೆ, ಇದನ್ನು ಕಳೆದ ವರ್ಷ ಎಲ್ಲಿ ಬಳಸಿದಿರಿ? ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ ಸ್ಯಾಟ್ಸ್‌ಗೆ ಬೇಕು, ವಿದ್ಯಾರ್ಥಿವೇತನಕ್ಕೆ ಬೇಕು ಎಂದರೆ ಉಳಿಸಿದೆ. ತಂದೆಯ ಕಂಪನಿಯ ಹೆಸರು, ತಾಯಿಯ ಸಂಬಳ, ಮನೆಯಲ್ಲಿ ಎಷ್ಟು ವಾಹನ ಇವೆಲ್ಲ ಯಾರಿಗೆ ಬೇಕು? 20ರ ಸುತ್ತಮುತ್ತ ಬಂದು ನಿಂತಿತು. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಅಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಆ ಪ್ರಕರಣ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅದನ್ನು ಸಭೆಯಲ್ಲಿ ಹೇಳಿದಾಗ ಹಿರಿಯ ಸದಸ್ಯರೊಬ್ಬರು ನೆಟ್ಟಗೆ ಕೂತು ಕೇಳಿದರು. ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಅಪಾರ್ ಗುರುತಿನ ಸಂಖ್ಯೆಗೂ ಪೋಷಕರ ಒಪ್ಪಿಗೆ ಬೇಕು, ಆ ಹಾಳೆಯನ್ನು ಬೇರೆ ಫೈಲಿನಲ್ಲಿಟ್ಟಿದ್ದೇವೆ. ಕಪಾಟಿನ ಹಳೆಯ ಝೆರಾಕ್ಸ್ ರಾಶಿ ಕಾಗದವಾಗಿರುವವರೆಗೆ ಈ ಕಾಯ್ದೆಯ ಕೆಳಗೆ ಬರುವುದಿಲ್ಲ, ಸ್ಕ್ಯಾನ್ ಮಾಡಿದ ಕ್ಷಣ ಬರುತ್ತದೆ. ಆದ್ದರಿಂದ ಎಲ್ಲ ಸ್ಕ್ಯಾನ್ ಮಾಡಿಸೋಣ ಎಂಬ ಸಲಹೆಯನ್ನು ಅಲ್ಲೇ ತಡೆದೆ.

ಹೊರಗಿನ ಕಂಪನಿಗಳ ಕಥೆ ಬೇರೆ. ಅವರ ಕೈಯಲ್ಲಿ ಮಾಹಿತಿ ಸೋರಿದರೂ ಕಾಯ್ದೆಯ ಮುಂದೆ ಹೊಣೆ ಶಾಲೆಯದೇ. ನಮ್ಮ ಹಳೆಯ ಬಸ್ ಆಪ್ ಅನ್ನು ಎಕ್ಸೋಡಸ್ ಪ್ರೈವಸಿ ಜಾಲತಾಣದಲ್ಲಿ ಹಾಕಿ ನೋಡಿದೆ. ಆಂಡ್ರಾಯ್ಡ್ ಆಪ್‌ನೊಳಗೆ ಯಾವ ಟ್ರ್ಯಾಕರ್ ಇವೆ, ಯಾವ ಅನುಮತಿ ಕೇಳುತ್ತದೆ ಎಂದು ಅದು ಪುಕ್ಕಟೆ ತೋರಿಸುತ್ತದೆ. ಬಸ್ ಎಲ್ಲಿದೆ ಎಂದು ಹೇಳುವ ಆಪ್‌ಗೆ ಜಾಹೀರಾತಿನ ಟ್ರ್ಯಾಕರ್ ಯಾಕೆ, ಫೋನಿನ ಕಾಂಟ್ಯಾಕ್ಟ್ ಯಾಕೆ? ಕಂಪನಿಯವರು ವಾರಗಟ್ಟಲೆ ಉತ್ತರ ಕೊಡಲಿಲ್ಲ. ಬಿಟ್ಟು ಬೇರೆಯವರನ್ನು ಹಿಡಿದೆವು, ವರ್ಷಕ್ಕೆ ಹತ್ತು ಸಾವಿರ ಜಾಸ್ತಿ. ಈಗ ಯಾರೇ ಬಂದರೂ ಒಂದು ಪುಟದ ಕರಾರಿಗೆ ಸಹಿ ಮಾಡಬೇಕು. ಮಾಹಿತಿ ಬೇರೆಯವರಿಗೆ ಕೊಡುವುದಿಲ್ಲ, ಗುತ್ತಿಗೆ ಮುಗಿದರೆ ಅಳಿಸುತ್ತೇವೆ, ಸೋರಿದರೆ ಅದೇ ದಿನ ತಿಳಿಸುತ್ತೇವೆ. ಕೊನೆಯದು ಯಾಕೆಂದರೆ ನಾವು ಈ ಕಾಯ್ದೆಯಡಿಯ ಮಾಹಿತಿ ರಕ್ಷಣಾ ಮಂಡಳಿಗೆ ಮತ್ತು ಪೋಷಕರಿಗೆ ತಡಮಾಡದೆ ತಿಳಿಸಬೇಕು, ಆ ರಕ್ಷಣಾ ಮಂಡಳಿಗೆ ಪೂರ್ತಿ ವಿವರ 72 ಗಂಟೆಯೊಳಗೆ ಹೋಗಬೇಕು. ಮಾತುಕತೆ ಶುರುವಿನಲ್ಲೇ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದಕ್ಕೆ ತಡವರಿಸಿದವರನ್ನು ಮುಂದೆ ಕೂರಿಸುವುದೇ ಇಲ್ಲ. ಆ ಪ್ರಶ್ನೆ ಎಲ್ಲರಿಗೂ ಗೊತ್ತಾದರೆ ಅದರ ಉಪಯೋಗ ಹೋಗುತ್ತದೆ, ಬರೆಯುವುದಿಲ್ಲ.

ಈ ಮಧ್ಯೆ ಒಂದು ಪ್ರಯೋಗ ಮಾಡಿದೆ. ಹೊರಗೆ ಕೊಡುವ ಪ್ರತಿ ಪಟ್ಟಿಯಲ್ಲೂ ಇಲ್ಲದ ಒಂದು ಮಗುವಿನ ಹೆಸರು ಸೇರಿಸಿದೆ. ಪ್ರತಿ ಕಂಪನಿಗೂ ಬೇರೆ ಹೆಸರು, ಬೇರೆ ಸಿಮ್ ನಂಬರ್. ಮೂರು ಸಿಮ್, ರೀಚಾರ್ಜ್ ಸೇರಿ ಎರಡು ಸಾವಿರದೊಳಗೆ. ಕೆಲವು ತಿಂಗಳ ನಂತರ ಒಂದು ನಂಬರಿಗೆ ಕೋಚಿಂಗ್ ಸೆಂಟರಿನ ಕರೆ ಬಂತು, ಇಲ್ಲದ ಮಗುವಿನ ಹೆಸರು ಹಿಡಿದು. ಆ ನಂಬರ್ ಕೊಟ್ಟಿದ್ದು ಐಡಿ ಕಾರ್ಡ್ ಪ್ರಿಂಟ್ ಮಾಡುವವರಿಗೆ ಮಾತ್ರ. ಕರೆಯ ದಾಖಲೆ ಮುಂದಿಟ್ಟೆ. ಅವರು ಒಪ್ಪಲಿಲ್ಲ, ನಾವೂ ಮುಂದುವರಿಸಲಿಲ್ಲ. ಈಗ ಐಡಿ ಕಾರ್ಡಿನಲ್ಲಿ ಶಾಲೆಯ ಫೋನ್ ನಂಬರ್ ಮಾತ್ರ. ಪೋಷಕರ ನಂಬರ್ ಹೊರಗೆ ಹೋಗುವುದೇ ಇಲ್ಲ. ಇಲ್ಲದ ಮಗುವಿನ ಹೆಸರನ್ನು ಅನುಮಾನ ಬರದ ಹಾಗೆ ಹೇಗೆ ಇಡುವುದು ಎಂಬುದನ್ನೂ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಲ್ಯಾಬಿನ ಫಿಲ್ಟರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು, ಬೇಡದ ತಾಣಗಳನ್ನು ತಡೆಯುವ ಪೈ-ಹೋಲ್ ಸಾಫ್ಟ್‌ವೇರ್ ಹಾಕಿದ್ದೆ, ಐದಾರು ಸಾವಿರದ ಖರ್ಚು. ತಾಣದ ವಿಳಾಸವನ್ನು ನಮ್ಮ ಫಿಲ್ಟರ್ ಬಿಟ್ಟು ಹೊರಗಿನ ಸರ್ವರ್‌ನಲ್ಲಿ ಕೇಳುವ ಬ್ರೌಸರ್‌ನ ಸೆಕ್ಯೂರ್ ಡಿಎನ್‌ಎಸ್ ಆಯ್ಕೆ ಆನ್ ಮಾಡಿ ಒಂಬತ್ತನೇ ತರಗತಿಯವರು ಎರಡೇ ದಿನದಲ್ಲಿ ದಾಟಿದರು. ಈಗ ರೌಟರಿನಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಎಂಬ ಡಿಎನ್‌ಎಸ್ ವಿಳಾಸ ಹಾಕಿದ್ದೇನೆ. ಅಶ್ಲೀಲ ತಾಣ, ಮಾಲ್‌ವೇರ್ ಎರಡನ್ನೂ ತಡೆಯುತ್ತದೆ, ದುಡ್ಡಿಲ್ಲ. ಬ್ರೌಸರ್‌ನ ಆ ಆಯ್ಕೆಯನ್ನು ಮಕ್ಕಳು ಬದಲಿಸಲಾಗದ ಪಾಲಿಸಿ ಸೆಟ್ಟಿಂಗ್‌ನಲ್ಲೇ ಮುಚ್ಚಿದೆ. ಗೂಗಲ್ ವರ್ಕ್‌ಸ್ಪೇಸ್‌ನ ಪುಕ್ಕಟೆ ಶಾಲಾ ಆವೃತ್ತಿಯಲ್ಲಿ ಮಕ್ಕಳ ಖಾತೆಗಳನ್ನು 18ಕ್ಕಿಂತ ಕೆಳಗಿನವರು ಎಂದು ಗುರುತಿಸಿ, ಹಲವು ಸೇವೆಗಳು ತಾನಾಗಿ ಮುಚ್ಚಿಕೊಳ್ಳುತ್ತವೆ.

ದುಡ್ಡು ಬೇಕಿಲ್ಲದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಮಗುವೊಂದರ ಅಶ್ಲೀಲ ಫೋಟೋ ಅಥವಾ ವಿಡಿಯೋ ಯಾವುದೋ ಫೋನಿನಲ್ಲಿ ಸಿಕ್ಕಿತು ಎಂದುಕೊಳ್ಳಿ. ಟೀಚರ್ ಮೊದಲು ಮಾಡುವುದೇನು? ಸಾಕ್ಷಿ ಇರಲಿ ಎಂದು ಮುಖ್ಯ ಶಿಕ್ಷಕರಿಗೆ ವಾಟ್ಸಾಪ್ ಮಾಡುತ್ತಾರೆ. ಅಂಥದ್ದನ್ನು ಕಳಿಸುವುದೇ ಐಟಿ ಕಾಯ್ದೆಯ 67ಬಿ ಕಲಂನಲ್ಲಿ ಅಪರಾಧ. ಆ ಮಗುವಿಗೆ ಮತ್ತೊಂದು ಗಾಯ ಕೂಡ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಕಾರ್ಡ್ ಅಂಟಿಸಿದ್ದೇವೆ. ಕಳಿಸಬೇಡಿ, ಕಾಪಿ ಮಾಡಬೇಡಿ, ಅಳಿಸಬೇಡಿ. ಮಗುವಿನ ಜೊತೆ ಒಬ್ಬರು ಕೂರಿ. ಪೊಲೀಸರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930. ಪೋಕ್ಸೋ ಕಾಯ್ದೆಯ 19ನೇ ಕಲಂನಂತೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಜೈಲು ಆಗಬಹುದು. ಸಿಬ್ಬಂದಿಯ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಶಾಲೆಯ ಹೆಸರು ಕೆಡುತ್ತದೆ ಎಂಬ ಮಾತು ನಮ್ಮ ಸಭೆಯಲ್ಲೂ ಬಂತು. ಮಗು ಮೊದಲು, ಹೆಸರು ಆಮೇಲೆ ಎಂದು ಮುಖ್ಯ ಶಿಕ್ಷಕಿ ಮೇಡಂ ಎಲ್ಲರ ಮುಂದೆ ಹೇಳಿ ಆ ಚರ್ಚೆ ಮುಗಿಸಿದರು.

ಬಾಕಿ ಇರುವುದು ಎರಡು. ತರಗತಿಯ ಸಿಸಿಟಿವಿಯನ್ನು ಮನೆಯಿಂದಲೇ ನೋಡಬೇಕು ಎಂದು ಕೆಲವು ಪೋಷಕರು ಕೇಳುತ್ತಿದ್ದಾರೆ. ನಾನು ಒಪ್ಪಿಲ್ಲ, ಏಕೆಂದರೆ ಒಬ್ಬರ ಮಗುವನ್ನು ತೋರಿಸುವಾಗ ಉಳಿದ ನಲವತ್ತು ಮಕ್ಕಳೂ ಅದೇ ಪರದೆಯಲ್ಲಿ ಇರುತ್ತಾರೆ. ಮಂಡಳಿ ಇನ್ನೂ ತೀರ್ಮಾನ ಮಾಡಿಲ್ಲ. ಇನ್ನೊಂದು, ಶಾಲೆ ಬಿಟ್ಟು ಹೋದ ಮಕ್ಕಳ ಹಳೆಯ ಫೈಲ್‌ಗಳು ನಾಲ್ಕೈದು ಹಾರ್ಡ್ ಡಿಸ್ಕಿನಲ್ಲಿ ಬಿದ್ದಿವೆ. ವರ್ಗಾವಣೆ ಪತ್ರ, ಅಂಕಗಳಿಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸಲು ಬೇಸಿಗೆ ರಜೆ ಇಟ್ಟುಕೊಂಡಿದ್ದೇನೆ. ಒಪ್ಪಿಗೆ ಪತ್ರದ ಕನ್ನಡ, ಉರ್ದು ಪ್ರತಿ ಯಾವ ಶಾಲೆಯವರಿಗೆ ಬೇಕಾದರೂ ಕಳಿಸುತ್ತೇನೆ. ನಿಮ್ಮ ಶಾಲೆಗೆ ಹೊಂದುವ ಹಾಗೆ ಆ ಐದು ಸಾಲು ಬದಲಿಸಿಕೊಂಡರೆ ಸಾಕು.