ಟೊಮೆಟೊ ಲೆಕ್ಕಕ್ಕೊಂದು ಕಿಟಕಿ: ಪೈಥಾನ್‌ನಲ್ಲಿ ಟಿಕೆಇಂಟರ್ ಶುರು ಮಾಡುವುದು ಹೇಗೆ?

ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವ ನಮ್ಮ ಭಾವ ಮಂಡಿಯಿಂದ ಬಂದವರೇ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಾರೆ. ಬಾಕ್ಸ್ ಎಷ್ಟು, ಹರಾಜಿನಲ್ಲಿ ನಿಂತ ದರ ಎಷ್ಟು, ಗಾಡಿ ಬಾಡಿಗೆ, ಕೀಳಿಸಿದ ಕೂಲಿ, ಕೊನೆಗೆ ಕೈಗೆ ಉಳಿದದ್ದು. ಅವರ ಮಗಳು ಕಾಲೇಜಿನಲ್ಲಿ ಪೈಥಾನ್ ಕಲಿಯುತ್ತಿದ್ದಾಳೆ. ಇದೇ ಲೆಕ್ಕಕ್ಕೆ ಪ್ರೋಗ್ರಾಂ ಬರೆದು ಅಪ್ಪನ ಮುಂದಿಟ್ಟಳು. ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಗೆರೆ. ಭಾವ ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿದೆ ಕಣಮ್ಮ, ಆದ್ರೆ ಎಲ್ಲಿ ಒತ್ತಬೇಕು?" ಅಂದರು.

ಒತ್ತುವ ಜಾಗ ಕೊಡುವುದೇ ಟಿಕೆಇಂಟರ್‌ನ ಕೆಲಸ. ಕಿಟಕಿ, ಗುಂಡಿ, ಬರೆಯುವ ಖಾನೆ ಎಲ್ಲವೂ ಅದರಲ್ಲಿವೆ. ಮೂಲದಲ್ಲಿ ಜಾನ್ ಔಸ್ಟರ್‌ಹೌಟ್ ಎಂಬುವರು ತಮ್ಮ ಟಿಸಿಎಲ್ ಭಾಷೆಗಾಗಿ ಟಿಕೆ ಎಂಬ ಸಲಕರಣೆ ಕಟ್ಟಿದರು. ಅದನ್ನು ಪೈಥಾನ್‌ನಿಂದ ಬಳಸಲು ಇರುವ ಕೊಂಡಿ ಟಿಕೆಇಂಟರ್. ಇದಕ್ಕಿಂತ ಹೊಳಪಿನ ಸಲಕರಣೆಗಳು ಬೇಕಾದಷ್ಟಿವೆ. ಆದರೂ ಮೊದಲ ಸಲ ಕಲಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ, ಏಕೆಂದರೆ ವಿಂಡೋಸ್‌ನಲ್ಲಿ ಪೈಥಾನ್ ಹಾಕಿಕೊಂಡರೆ ಜೊತೆಗೇ ಬಂದಿರುತ್ತದೆ. ಪೈಥಾನ್ ಬರೆಯಲು ನಾವು ತೆರೆಯುವ ಐಡಲ್ ಕೂಡ ಟಿಕೆಇಂಟರ್‌ನಲ್ಲೇ ಕಟ್ಟಿದ್ದು.

ಮೊದಲು ಅದು ಇದೆಯೇ ನೋಡಿಕೊಳ್ಳಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್, ಆಮೇಲೆ ಅಡ್ಡಗೆರೆ ಎಂ, ಆಮೇಲೆ ಟಿಕೆಇಂಟರ್ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ (python -m tkinter) ಟೈಪ್ ಮಾಡಿ ಎಂಟರ್ ಒತ್ತಿ. ಎರಡು ಗುಂಡಿ ಇರುವ ಪುಟ್ಟ ಕಿಟಕಿ ಬಂದರೆ ಎಲ್ಲ ಸರಿ ಇದೆ. ಉಬುಂಟು ಬಳಸುವವರು ಪೈಥಾನ್3-ಟಿಕೆ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಬಹುದು.

ಈಗ ಐಡಲ್‌ನಲ್ಲಿ ಹೊಸ ಫೈಲ್ ತೆರೆಯಿರಿ. ಹೆಸರು ಏನಾದರೂ ಇಡಿ, ಟಿಕೆಇಂಟರ್ ಅಂತ ಮಾತ್ರ ಇಡಬೇಡಿ. ಇಟ್ಟರೆ ಪೈಥಾನ್ ನಿಜವಾದ ಟಿಕೆಇಂಟರ್ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಂಡು ಎಡವುತ್ತದೆ. ಎಷ್ಟೋ ಮಕ್ಕಳ ಮೊದಲ ಸಂಜೆ ಇದರಲ್ಲೇ ಹಾಳಾಗುವುದನ್ನು ಕಂಡಿದ್ದೇನೆ.

ಮೊದಲ ನಾಲ್ಕು ಸಾಲು ಹೀಗಿರಲಿ:

ಇಂಪೋರ್ಟ್ ಟಿಕೆಇಂಟರ್ ಆ್ಯಸ್ ಟಿಕೆ
ಕಿಟಕಿ = ಟಿಕೆ.ಟಿಕೆ()
ಕಿಟಕಿ.ಟೈಟಲ್("ಟೊಮೆಟೊ ಲೆಕ್ಕ")
ಕಿಟಕಿ.ಮೇನ್‌ಲೂಪ್()

ಇಂಪೋರ್ಟ್, ಟೈಟಲ್, ಮೇನ್‌ಲೂಪ್ ಮುಂತಾದ ಪೈಥಾನ್ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಎರಡನೇ ಸಾಲಿನಲ್ಲಿ ಚುಕ್ಕಿಯ ನಂತರದ ಟಿಕೆಗೆ ಮೊದಲಕ್ಷರ ದೊಡ್ಡದು. ಆದರೆ 'ಕಿಟಕಿ' ಎಂಬ ಹೆಸರನ್ನು ಕನ್ನಡದಲ್ಲೇ ಬಿಡಿ. ಪೈಥಾನ್ 3ರಲ್ಲಿ ನಾವಿಡುವ ಹೆಸರುಗಳು ಕನ್ನಡದಲ್ಲಿ ಇರಬಹುದು: ದರ, ಕೂಲಿ, ಬಾಡಿಗೆ ಎಲ್ಲ ನಡೆಯುತ್ತವೆ. 'ಬಾಕ್ಸ್' ಕೂಡ ನಡೆಯುತ್ತದೆ, 'ಬಾಕ್ಸ್‌ಗಳು' ನಡೆಯುವುದಿಲ್ಲ. ಅಲ್ಲಿ ಸ್ ಮತ್ತು ಗ ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಪೈಥಾನ್ ಅದನ್ನು ಒಪ್ಪುವುದಿಲ್ಲ.

ಕೊನೆಯ ಸಾಲಿನ ಮೇನ್‌ಲೂಪ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಪ್ಪು ಪರದೆಯ ಪ್ರೋಗ್ರಾಂ ಮೇಲಿನಿಂದ ಕೆಳಕ್ಕೆ ಓಡಿ ಮುಗಿದುಹೋಗುತ್ತದೆ. ಏನು ಕೇಳಬೇಕು, ಯಾವಾಗ ಕೇಳಬೇಕು ಎನ್ನುವುದು ಅದರ ಕೈಯಲ್ಲಿ. ಕಿಟಕಿಯ ಪ್ರೋಗ್ರಾಂ ಹಾಗಲ್ಲ, ಅದು ತೆರೆದುಕೊಂಡು ಕಾಯುತ್ತದೆ. ಭಾವ ಮೊದಲು ದರ ತುಂಬಿಸಬಹುದು, ಆಮೇಲೆ ಬಾಕ್ಸ್. ನಡುವೆ ಎದ್ದುಹೋಗಿ ಹಸುವಿಗೆ ನೀರಿಟ್ಟು ಬರಬಹುದು. ಹೀಗೆ ಕಾಯಿಸುವ ಸಾಲೇ ಮೇನ್‌ಲೂಪ್, ಆದ್ದರಿಂದ ಅದು ಯಾವತ್ತೂ ಕೊನೆಗಿರಬೇಕು. ಐಡಲ್‌ನಲ್ಲಿ ಓಡಿಸುವಾಗ ಈ ಸಾಲು ಇಲ್ಲದೆಯೂ ಕಿಟಕಿ ಕಂಡೀತು. ಅದನ್ನು ನಂಬಬೇಡಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಮಿಂಚಿ ಮಾಯವಾಗುತ್ತದೆ.

ಕಿಟಕಿಯೊಳಗೆ ಇನ್ನು ಸಾಮಾನು ಜೋಡಿಸಬೇಕು. ಮೇನ್‌ಲೂಪ್‌ಗಿಂತ ಮೇಲೆ ಈ ಸಾಲುಗಳು ಬರಲಿ:

ಟಿಕೆ.ಲೇಬಲ್(ಕಿಟಕಿ, ಟೆಕ್ಸ್ಟ್="ಬಾಕ್ಸ್ ಎಷ್ಟು?").ಗ್ರಿಡ್(ರೋ=0, ಕಾಲಮ್=0)
ಬಾಕ್ಸ್ = ಟಿಕೆ.ಎಂಟ್ರಿ(ಕಿಟಕಿ)
ಬಾಕ್ಸ್.ಗ್ರಿಡ್(ರೋ=0, ಕಾಲಮ್=1)

ಲೇಬಲ್ ಅಂದರೆ ಬರೀ ಬರಹ, ಎಂಟ್ರಿ ಅಂದರೆ ತುಂಬಿಸುವ ಖಾನೆ. ಎರಡಕ್ಕೂ, ಮುಂದೆ ಬರುವ ಬಟನ್‌ಗೂ ಮೊದಲಕ್ಷರ ದೊಡ್ಡದು. ಗ್ರಿಡ್ ಎಂದರೆ ಮನೆಗಳಿರುವ ಹಲಗೆ, ಎಣಿಕೆ ಸೊನ್ನೆಯಿಂದ ಶುರು. ಇದೇ ರೀತಿ ದರ, ಬಾಡಿಗೆ, ಕೂಲಿಗೂ ಒಂದೊಂದು ಸಾಲು ಕೊಡಿ. ಖಾನೆಗೆ ಹೆಸರಿಡುವ ಸಾಲನ್ನೂ ಗ್ರಿಡ್ ಸಾಲನ್ನೂ ಒಂದಾಗಿಸಬೇಡಿ. ಒಂದಾಗಿಸಿದರೆ ಖಾನೆ ಪರದೆಯ ಮೇಲೆ ಕಾಣುತ್ತದೆ, ಆದರೆ 'ಬಾಕ್ಸ್' ಎಂಬ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ. ಜೋಡಿಸಲು ಪ್ಯಾಕ್ ಎಂಬ ಇನ್ನೊಂದು ವಿಧಾನವೂ ಇದೆ. ಒಂದೇ ಕಿಟಕಿಯಲ್ಲಿ ಎರಡನ್ನೂ ಬೆರೆಸುವಂತಿಲ್ಲ.

ಲೆಕ್ಕದ ಭಾಗ:

ಡೆಫ್ ಲೆಕ್ಕ():
    ಉಳಿಕೆ = ಫ್ಲೋಟ್(ಬಾಕ್ಸ್.ಗೆಟ್()) * ಫ್ಲೋಟ್(ದರ.ಗೆಟ್()) - ಫ್ಲೋಟ್(ಬಾಡಿಗೆ.ಗೆಟ್()) - ಫ್ಲೋಟ್(ಕೂಲಿ.ಗೆಟ್())
    ಫಲ.ಕಾನ್ಫಿಗ್(ಟೆಕ್ಸ್ಟ್=ಉಳಿಕೆ)

ಫಲ = ಟಿಕೆ.ಲೇಬಲ್(ಕಿಟಕಿ)
ಫಲ.ಗ್ರಿಡ್(ರೋ=5, ಕಾಲಮ್=1)
ಟಿಕೆ.ಬಟನ್(ಕಿಟಕಿ, ಟೆಕ್ಸ್ಟ್="ಲೆಕ್ಕ ಹಾಕು", ಕಮಾಂಡ್=ಲೆಕ್ಕ).ಗ್ರಿಡ್(ರೋ=4, ಕಾಲಮ್=1)

ಫ್ಲೋಟ್ ಏಕೆ? ಖಾನೆಯಿಂದ ಬರುವುದು ಅಂಕಿಯಲ್ಲ, ಬರಹ. ಅದನ್ನು ಅಂಕಿ ಮಾಡುವುದು ಫ್ಲೋಟ್. ಹಾಗೇ ಬಿಟ್ಟು 1800 ಬಾಡಿಗೆಗೆ 2400 ಕೂಲಿ ಕೂಡಿಸಿದರೆ 18002400 ಬರುತ್ತದೆ. ಇನ್ನು ಕಮಾಂಡ್ ಮುಂದೆ 'ಲೆಕ್ಕ' ಮಾತ್ರ ಇರಬೇಕು, ಆವರಣ ಚಿಹ್ನೆ ಬೇಡ. ಹಾಕಿದರೆ ಗುಂಡಿ ಒತ್ತುವ ಮೊದಲೇ ಲೆಕ್ಕ ಓಡಿಬಿಡುತ್ತದೆ, ಖಾಲಿ ಖಾನೆ ಕಂಡು ದೋಷ ತೋರಿಸುತ್ತದೆ.

120 ಬಾಕ್ಸ್, ದರ 300, ಬಾಡಿಗೆ 1800, ಕೂಲಿ 2400 ಕೊಟ್ಟು ನೋಡಿ, 31800.0 ಬರಬೇಕು. ಇದನ್ನೇ ೧೨೦, ೩೦೦ ಎಂದು ಕನ್ನಡ ಅಂಕಿಯಲ್ಲಿ ತುಂಬಿಸಿದರೂ ಉತ್ತರ ಅದೇ. ಫ್ಲೋಟ್‌ಗೆ ಕನ್ನಡ ಅಂಕಿ ಗೊತ್ತು. ಇದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ 1,800 ಎಂದು ಅಲ್ಪವಿರಾಮ ಹಾಕಿದರೆ ಅದು ಒಪ್ಪುವುದಿಲ್ಲ, ನಮ್ಮ ಜನ ಹಾಕಿಯೇ ಹಾಕುತ್ತಾರೆ. ಹಾಗಾಗಿ ಗೆಟ್() ಆದ ಮೇಲೆ .ರಿಪ್ಲೇಸ್(",", "") ಸೇರಿಸಿ. ಲೆಕ್ಕದ ಸಾಲುಗಳನ್ನು ಟ್ರೈ ಕೆಳಗಿಟ್ಟು, ಎಕ್ಸೆಪ್ಟ್ ವ್ಯಾಲ್ಯೂಎರರ್ ಬಂದರೆ ಫಲದಲ್ಲಿ "ಎಲ್ಲ ಖಾನೆಯಲ್ಲೂ ಅಂಕಿ ತುಂಬಿಸಿ" ಎಂದು ತೋರಿಸಿ. ಇಷ್ಟು ಮಾಡದಿದ್ದರೆ ದೋಷದ ಸುದ್ದಿ ಕಪ್ಪು ಪರದೆಗೆ ಹೋಗುತ್ತದೆ, ಕಿಟಕಿಯ ಮುಂದೆ ಕೂತವರಿಗೆ ಗುಂಡಿ ಕೆಟ್ಟಿದೆ ಅನ್ನಿಸುತ್ತದೆ.

ತೀರಾ ಹೆಚ್ಚಿನ ದರ, ತೀರಾ ಕಡಿಮೆ ದರ ಎರಡನ್ನೂ ಕೊಟ್ಟು ಪರೀಕ್ಷಿಸಿ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ರಸ್ತೆ ಬದಿ ಸುರಿದು ಬರುವ ದಿನಗಳೂ ಇವೆ. ದರ 30 ಎಂದು ಕೊಟ್ಟರೆ ಮೇಲಿನ ಲೆಕ್ಕದಲ್ಲಿ ಉಳಿಕೆ ಮೈನಸ್ 600. ಇಫ್ ಉಳಿಕೆ < 0 ಆದರೆ ಕಾನ್ಫಿಗ್‌ನಲ್ಲಿ ಎಫ್‌ಜಿ="ರೆಡ್" ಎಂದೂ, ಇಲ್ಲದಿದ್ದರೆ "ಬ್ಲ್ಯಾಕ್" ಎಂದೂ ಬರೆಯಿರಿ. ನಷ್ಟ ಕೆಂಪಾಗಿ ಕಾಣಲಿ.

ಅಕ್ಷರ ಚಿಕ್ಕದಾದರೆ ಲೇಬಲ್‌ನಲ್ಲಿ ಫಾಂಟ್=("ನಿರ್ಮಲಾ ಯುಐ", 16) ಸೇರಿಸಿ. ಆ ಹೆಸರೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ವಿಂಡೋಸ್ ಜೊತೆಗೇ ಬರುವ ಈ ಫಾಂಟ್‌ನಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ಎಲ್ಲ ಸರಿಯಾದ ಮೇಲೆ ಫೈಲ್ ಹೆಸರಿನ ಕೊನೆಯ ಪಿವೈಗೆ ಒಂದು ಡಬ್ಲ್ಯೂ ಸೇರಿಸಿ. ಕಪ್ಪು ಪರದೆ ಬಾರದೆ ಬರೀ ಕಿಟಕಿ ತೆರೆಯುತ್ತದೆ.

ಭಾವನ ಲ್ಯಾಪ್‌ಟಾಪ್‌ನಲ್ಲಿ ಈಗ ಆ ಫೈಲ್ ಇದೆ. ಎರಡನೇ ದಿನವೇ ಅವರು ಕೇಳಿದ್ದು: "ದಪ್ಪ ಕಾಯಿಗೊಂದು ದರ, ಸಣ್ಣ ಕಾಯಿಗೊಂದು ದರ ಇರುತ್ತಲ್ಲ, ಅದಕ್ಕೆಲ್ಲಿ ಜಾಗ?" ಮಗಳು ಎರಡು ಹೊಸ ಖಾನೆ ಸೇರಿಸಿ, ಕೆಳಗಿನವುಗಳ ರೋ ಅಂಕಿಯನ್ನು ಎರಡೆರಡು ಹೆಚ್ಚಿಸಿ, ಗುಂಡಿಯನ್ನು ಆರನೇ ಸಾಲಿಗೂ ಫಲವನ್ನು ಏಳನೆಯದಕ್ಕೂ ಇಳಿಸಿದಳು.