ಆಸ್ಟ್ರೇಲಿಯಾದ ಮೂಲನಿವಾಸಿ ಚಿತ್ತಾರದ ರೇಷ್ಮೆ ಸ್ಟೋಲ್: ಆರಿಸುವ, ಹೊದೆಯುವ, ಒಗೆಯುವ ಬಗೆ

ಮೆಲ್ಬರ್ನ್‌ನಿಂದ ರಜೆಗೆ ಬರುವ ಮಕ್ಕಳು ಚುಕ್ಕೆ ಚಿತ್ತಾರದ ಸ್ಟೋಲ್ ತರುವುದು ಧಾರವಾಡದ ಮನೆಗಳಿಗೆ ಹೊಸದೇನಲ್ಲ. ತರಲು ಹೇಳುವಾಗ ಬಣ್ಣಕ್ಕಿಂತ ಮೊದಲು ಚೀಟಿಯನ್ನು ನೋಡಲು ಹೇಳಿರಿ. ಕಲಾವಿದರ ಹೆಸರು, ಅವರ ಸಮುದಾಯ ಅಥವಾ ಕಲಾ ಕೇಂದ್ರ, ಅನುಮತಿ ಪಡೆದು ಮುದ್ರಿಸಿದ ಉಲ್ಲೇಖ ಅದರಲ್ಲಿರಬೇಕು. ‘ಮೂಲನಿವಾಸಿ ಶೈಲಿ’ ಎಂದಷ್ಟೇ ಇದ್ದರೆ ಕೊಳ್ಳಬೇಡಿ. ಮೂಲನಿವಾಸಿ ಕಲಾವಿದ ಜಾನಿ ಬುಲುನ್ ಬುಲುನ್ ಅವರ ಚಿತ್ರಗಳನ್ನು ಕೇಳದೆಯೇ ಟೀ ಶರ್ಟುಗಳ ಮೇಲೆ ಅಚ್ಚು ಹಾಕಿದವರು, ಮೊಕದ್ದಮೆಯ ನಂತರ 1989ರಲ್ಲಿ ಪರಿಹಾರ ಕೊಡಬೇಕಾಯಿತು.

ಮರುಭೂಮಿಯ ಚಿತ್ರಗಳಲ್ಲಿ ನೆಲವನ್ನು ಹೆಚ್ಚಾಗಿ ಮೇಲಿನಿಂದ ನೋಡಿದಂತೆ ಬರೆಯುತ್ತಾರೆ. ಒಂದರೊಳಗೊಂದು ವೃತ್ತಗಳು ನೀರಿನ ಹೊಂಡವನ್ನೋ ಬೀಡನ್ನೋ ಸೂಚಿಸಬಹುದು; ಕುದುರೆ ಲಾಳದಂಥ ಗುರುತು ಕುಳಿತ ಮನುಷ್ಯ. ಕಸೂತಿಯ ಗೋಪುರ, ತುಳಸಿಕಟ್ಟೆಗಳ ಅರ್ಥ ಎಲ್ಲರಿಗೂ ಒಂದೇ; ಇವುಗಳದು ಹಾಗಲ್ಲ, ಹೀಗಾಗಿ ಜೊತೆಗೆ ಬರುವ ಕಥೆಯ ಚೀಟಿಯನ್ನು ಎಸೆಯಬಾರದು.

ಮಧ್ಯ ಆಸ್ಟ್ರೇಲಿಯಾದ ಯುಟೋಪಿಯಾ ಪ್ರದೇಶದ ಹೆಂಗಸರು 1977ರಿಂದ ಮೇಣದ ಬಾಟಿಕ್ ಕಲಿತರು. ಅವರಲ್ಲೊಬ್ಬರಾದ ಚಿತ್ರಕಲಾವಿದೆ ಎಮಿಲಿ ಕಾಮೆ ಕ್ನ್ವಾರೆಯೆ ಕ್ಯಾನ್ವಾಸ್‌ಗೆ ಬರುವ ಮೊದಲು ಬಟ್ಟೆಯ ಮೇಲೆಯೇ ಕೆಲಸ ಮಾಡಿದ್ದರು. ಬಟ್ಟೆಯನ್ನು ತಿರುವಿ ಹಾಕಿ ನೋಡಿರಿ: ಬಾಟಿಕ್‌ನಲ್ಲಿ ಎರಡೂ ಬದಿ ಬಣ್ಣ ಹೆಚ್ಚುಕಡಿಮೆ ಸಮನಾಗಿರುತ್ತದೆ, ಮುದ್ರಣದಲ್ಲಿ ಹಿಂಬದಿ ಸಾಮಾನ್ಯವಾಗಿ ಮಾಸಲಾಗಿರುತ್ತದೆ.

ಇಳಕಲ್ ಸೀರೆಯ ಮೇಲೆ ಇದನ್ನು ಹೊದೆಯುವುದು ನನಗೆ ಒಪ್ಪುವುದಿಲ್ಲ, ಸೆರಗು ಮತ್ತು ಸ್ಟೋಲ್ ಜಗಳಕ್ಕೆ ನಿಲ್ಲುತ್ತವೆ. ಗರಗದ ಬಿಳಿ ಖಾದಿಯ ಕುರ್ತಾ ಇದ್ದರೆ ಕಾವಿ, ಹಳದಿ ಚುಕ್ಕೆಗಳು ಎದ್ದು ಕಾಣುತ್ತವೆ.

ಒಗೆಯುವುದರಲ್ಲೇ ನಾನು ಕೆಟ್ಟೆ. ಸವಳಾದ ಬೋರ್‌ವೆಲ್ ನೀರಿಗೆ ದಿನನಿತ್ಯದ ಸೋಪಿನ ಪುಡಿ ಹಾಕಿ ನೆನೆಸಿದ್ದರಿಂದ ನೇರಳೆಯ ಅಂಚು ಕೆಂಪಿನೊಳಗೆ ಹರಿದು, ರೇಷ್ಮೆ ಗಡುಸಾಯಿತು. ಈಗ ಮೊದಲು ಒದ್ದೆಯಾದ ಬಿಳಿ ಅರಿವೆಯನ್ನು ಮೂಲೆಗೆ ಒತ್ತಿ ನೋಡುತ್ತೇನೆ. ಬಣ್ಣ ಹತ್ತಿದರೆ ಡ್ರೈಕ್ಲೀನಿಂಗ್‌ಗೆ ಕೊಡುತ್ತೇನೆ. ಹತ್ತದಿದ್ದರೆ ನಳದ ತಣ್ಣೀರಿನಲ್ಲಿ ಚಮಚೆಯಷ್ಟು ಸೌಮ್ಯ ಶಾಂಪೂ ಬೆರೆಸಿ ಎರಡೇ ನಿಮಿಷ ಅಲುಗಿಸಿ, ಶಾಂಪೂ ಹೋಗುವವರೆಗೆ ಜಾಲಿಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೆರಳಿನಲ್ಲಿ ಹರವುತ್ತೇನೆ. ಸ್ವಲ್ಪ ಹಸಿ ಇರುವಾಗಲೇ ಹಿಂಬದಿಯಿಂದ, ಕಡಿಮೆ ಕಾವಿನಲ್ಲಿ ಇಸ್ತ್ರಿ ಮಾಡಬೇಕು. ಮಡಿಕೆಯ ಗೆರೆಯಲ್ಲೇ ರೇಷ್ಮೆ ಸೀಳುವುದರಿಂದ ಪ್ರತಿ ಬಾರಿ ಬೇರೆ ಕಡೆ ಮಡಿಸಿ, ಬಿಳಿ ಮಲ್‌ಮಲ್ ಅರಿವೆಯಲ್ಲಿ ಸುತ್ತಿ, ಕಥೆಯ ಚೀಟಿಯನ್ನೂ ಜೊತೆಗೇ ಇಡಿರಿ.